ಹಳೇ ಸೈಕಲ್ ಕೊಂಡು, ಸರಿ ಮಾಡಿ ಮಾರೋದು: ನಮ್ಮ ಕಡೆ ಇದು ಗಿಟ್ಟುತ್ತಾ?

ತುಂಗಾದಡ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಹಳೇ ಸೈಕಲ್ ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದೇನೆ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ಇದು ಸಂಜೆ ಮತ್ತು ಭಾನುವಾರದ ಕೆಲಸ. ಗೋಪಾಳದಲ್ಲಿ ನಮ್ಮ ಮನೆಯ ಶೆಡ್ಡೇ ವರ್ಕ್‌ಶಾಪ್. ಇಲ್ಲಿಯವರೆಗೆ 41 ಸೈಕಲ್ ನನ್ನ ಕೈ ದಾಟಿವೆ. ಇದರಲ್ಲಿ ದುಡ್ಡಿದೆಯಾ ಅಂತ ತುಂಬ ಜನ ಕೇಳುತ್ತಾರೆ. ನನಗೆ ಗೊತ್ತಾಗಿದ್ದನ್ನು ಹೇಳುತ್ತೇನೆ, ಕೊನೆಗೆ ನಿಮ್ಮನ್ನೂ ಒಂದು ಮಾತು ಕೇಳುವುದಿದೆ.

ನಮ್ಮ ಜಿಲ್ಲೆಯಲ್ಲಿ ಈ ವ್ಯಾಪಾರ ನಡೆಯುವುದೇ ಏರು ತಗ್ಗಿನ ಮೇಲೆ. ತೀರ್ಥಹಳ್ಳಿ, ಹೊಸನಗರದ ಕಡೆ ಈಗ ಸೈಕಲ್ ತುಳಿಯುವವರು ಕಡಿಮೆ. ಮನೆಮನೆಗೆ ಸ್ಕೂಟಿ ಬಂದಿದೆ, ಏರು ಜಾಸ್ತಿ. ಆದರೆ ಸೈಕಲ್ ಇಲ್ಲದ ಕೊಟ್ಟಿಗೆ ಇಲ್ಲ. 2006-07ರಲ್ಲಿ ಸರ್ಕಾರ ಹೈಸ್ಕೂಲ್ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಆಮೇಲೆ ಒಂದೊಂದು ಮನೆಯಲ್ಲಿ ಎರಡು ಮೂರು ಸೇರಿಕೊಂಡವು. ಮಕ್ಕಳು ಓದು ಮುಗಿಸಿ ಬೆಂಗಳೂರಿಗೆ ಹೋದರು, ಸೈಕಲ್ ಹುಲ್ಲಿನ ಅಟ್ಟದ ಕೆಳಗೆ ಉಳಿಯಿತು. ಇತ್ತ ಶಿವಮೊಗ್ಗ ಪೇಟೆ ಬಯಲು. ಹಾಸ್ಟೆಲ್ ಹುಡುಗರು, ಪೇಪರ್ ಹಾಕುವವರು, ವಾಚ್‌ಮನ್ ಕೆಲಸದವರು, ಬೆಳಿಗ್ಗೆ ಮಂಡಿನೋವಿಗೆ ಅಂತ ತುಳಿಯುವ ಹಿರಿಯರು, ಎಲ್ಲರಿಗೂ ಸೈಕಲ್ ಬೇಕು. ಹಾಗಾಗಿ ಮೇಲೆ ಕೊಳ್ಳಬೇಕು, ಕೆಳಗೆ ಮಾರಬೇಕು. ಅಡಿಕೆ ಮೂಟೆ ಹೊತ್ತು ಸಾಗರ ರಸ್ತೆಯ ಎ.ಪಿ.ಎಂ.ಸಿ.ಗೆ ಬರುವ ಪಿಕಪ್‌ನವರು ಪರಿಚಯ ಇದ್ದರೆ 100 ರೂಪಾಯಿಗೆ ಸೈಕಲ್ ಹೇರಿಕೊಂಡು ಬರುತ್ತಾರೆ.

ರೇಟು ಮಾತಾಡುವಾಗ ನಾನು ಮೊದಲು ಗುಜರಿ ಲೆಕ್ಕ ಹಾಕುತ್ತೇನೆ. ನಮ್ಮ ಕಡೆ ಕಬ್ಬಿಣಕ್ಕೆ ಕೆ.ಜಿ.ಗೆ 25-30 ರೂಪಾಯಿ ಸಿಗುತ್ತದೆ. ಹಳೇ ಗಟ್ಟಿ ಸೈಕಲ್ 20 ಕೆ.ಜಿ. ಮೇಲೆ ತೂಗುತ್ತದೆ. ಅಂದರೆ ಮನೆಯವರಿಗೆ ಗುಜರಿಯಿಂದ 500-600 ಬಂದೇ ಬರುತ್ತದೆ. ಅದಕ್ಕಿಂತ ಕಡಿಮೆಗೆ ಕೇಳಿದರೆ ಅವರಿಗೂ ಬೇಸರ, ನಮಗೂ ಮರ್ಯಾದೆ ಅಲ್ಲ.

ಒಂದು ಲೆಕ್ಕ ಬಿಡಿಸಿ ಹೇಳುತ್ತೇನೆ. ಲೇಡೀಸ್ ಸೈಕಲ್, ಕೊಂಡಿದ್ದು 800ಕ್ಕೆ. ಪಿಕಪ್ 100. ಎರಡು ಟಯರ್ 560, ಎರಡು ಟ್ಯೂಬ್ 260, ಬ್ರೇಕ್ ಕಟ್ಟೆ (ರಿಮ್ ಹಿಡಿಯುವ ರಬ್ಬರ್) ಮತ್ತು ಕೇಬಲ್ 160, ಚೈನ್ 170, ಗ್ರೀಸ್ ಮತ್ತು ಬಾಲ್ಸ್ (ಬೇರಿಂಗ್ ಗುಂಡು) 90, ಸೀಟು 220. ಒಟ್ಟು 2,360. ಮಾರಿದ್ದು 3,400ಕ್ಕೆ. ಉಳಿದಿದ್ದು 1,040. ಇದು ಒಳ್ಳೇ ವ್ಯಾಪಾರ.

ಇನ್ನು ಕೆಟ್ಟದ್ದು. ಹೊಸನಗರದ ಕಡೆಯಿಂದ ಒಂದು ಗೇರ್ ಸೈಕಲ್ ತಂದೆ. 2,200 ಕೊಟ್ಟೆ. ಪೇಂಟ್ ಹೊಳೆಯುತ್ತಿತ್ತು, ಗೇರ್ ಟಕ್ ಟಕ್ ಅಂತ ಬೀಳುತ್ತಿತ್ತು. ಸೀಟು ಎತ್ತರ ಮಾಡಲು ಹೋದರೆ ಕದಲಲಿಲ್ಲ. ಮೂರು ದಿನ ಎಣ್ಣೆ ಬಿಟ್ಟು, ಪೈಪ್ ವ್ರೆಂಚ್ ಹಾಕಿ ತಿರುಗಿಸಿದೆ. ಸೀಟ್ ಪೈಪಿನ ಬದಲು ಫ್ರೇಮೇ ತಿರುಚಿಕೊಂಡಿತು. ಸೀಳಿದ ಜಾಗದಿಂದ ಕೆಂಪು ಪುಡಿ ನಶ್ಯದ ಹಾಗೆ ಸುರಿಯಿತು. ಒಳಗೆ ಕಬ್ಬಿಣವೇ ಉಳಿದಿರಲಿಲ್ಲ. ಚಕ್ರ, ಗೇರ್ ಬಿಡಿಯಾಗಿ ಮಾರಿ 1,300 ಬಂತು. 900 ಹೋಯಿತು. ಅವತ್ತಿನಿಂದ ಸೀಟ್ ಪೈಪ್ ಅಲ್ಲಾಡದ ಸೈಕಲ್ಲನ್ನು ನಾನು ಕೊಳ್ಳುವುದಿಲ್ಲ.

ಈಗ ಪ್ರಶ್ನೆ. ಭದ್ರಾವತಿಯಲ್ಲಿ ಒಬ್ಬರು ಹಿರಿಯರಿಂದ ಹರ್ಕ್ಯುಲಿಸ್ ಸಿಕ್ಕಿದೆ, 1,500ಕ್ಕೆ. ರಾಡ್ ಬ್ರೇಕಿನ ದೊಡ್ಡ ಕಪ್ಪು ಸೈಕಲ್. ಪೇಂಟ್ ಅಲ್ಲಲ್ಲಿ ಹೋಗಿದೆ. ಪೂರ್ತಿ ಪೇಂಟ್ ಮಾಡಿಸಲಾ, ಹಾಗೇ ಬಿಡಲಾ?

ಸಾಗರ ಸವಾರ

ಅಣ್ಣಾ, ಮನೆ ಒಳಗೇ ನಿಲ್ಲಿಸಿದ ಸೈಕಲ್ಲಿಗೂ ಹೀಗೆ ಆಗುತ್ತಾ? ನೀರು ಒಳಗೆ ಹೋಗುವುದು ಎಲ್ಲಿಂದ?

ತುಂಗಾದಡ, ಶಿವಮೊಗ್ಗ

ಆಗುತ್ತದೆ. ಮಳೆಯಲ್ಲಿ ತುಳಿದಾಗ ಹಿಂದಿನ ಚಕ್ರದ ನೀರು ಸೀಟ್ ಪೈಪಿನ ಸೀಳಿಗೆ ಹೊಡೆಯುತ್ತದೆ. ಅಲ್ಲಿಂದ ಇಳಿದು ಪೆಡಲ್ ಅಚ್ಚಿನ ಡಬ್ಬಿಯಲ್ಲಿ ನಿಲ್ಲುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಅದಕ್ಕೇ ಅದೇ ವಯಸ್ಸಿನ ಎರಡು ಸೈಕಲ್ ಇದ್ದರೆ ಯಾವ ಊರಿನದು ಅಂತ ನಾನು ಮೊದಲು ಕೇಳುತ್ತೇನೆ. ಆದರೆ ಮೇಲಿನ ಸೀಮೆಯಲ್ಲೂ ಒಂದು ಜಾಗದ ಸೈಕಲ್ ಚೆನ್ನಾಗಿರುತ್ತದೆ. ಬಚ್ಚಲೊಲೆಯ ಹಿಂದಿನ ಗೋಡೆಗೆ ಒರಗಿಸಿದ್ದು. ಮಸಿ ಹಿಡಿದು ನೋಡಲು ಅಸಹ್ಯ ಅನ್ನಿಸುತ್ತದೆ. ಒರೆಸಿದರೆ ಕೆಳಗೆ ತುಕ್ಕಿಲ್ಲ. ದಿನಾ ಬೆಂಕಿಯ ಕಾವು ಸಿಕ್ಕಿರುತ್ತದಲ್ಲ.

ಹಳೇ ಪಾನಾ

ನಾನು ಸೈಕಲ್ ಶಾಪಿನಲ್ಲೇ ಬೆಳೆದವನು. ತಂದೆಯ ಜೊತೆ ಹನ್ನೊಂದನೇ ವಯಸ್ಸಿಗೆ ಪಾನಾ ಹಿಡಿದೆ. ಹರ್ಕ್ಯುಲಿಸ್‌ಗೆ ಪೇಂಟ್ ಹೊಡೆಯಬೇಡಪ್ಪ. ಮೊದಲು ಅದನ್ನು ಪೂರ್ತಿ ಬಿಚ್ಚು.

ಕ್ರ್ಯಾಂಕನ್ನು (ಪೆಡಲ್ ಕೂರುವ ಕೋಲನ್ನು) ಅಚ್ಚಿಗೆ ಹಿಡಿಸುವ ಕಾಟರ್ ಪಿನ್ ತೆಗೆಯುವಾಗ ಹೊಸ ಹುಡುಗರು ಮಾಡುವ ತಪ್ಪು ಹೇಳುತ್ತೇನೆ. ನಟ್ ಪೂರ್ತಿ ತೆಗೆದು ಸುತ್ತಿಗೆಯಲ್ಲಿ ಬಡಿಯುತ್ತಾರೆ. ಪಿನ್ನಿನ ಮೂತಿ ಅರಳಿ ಅಲ್ಲೇ ಕೂರುತ್ತದೆ. ಆ ಪೆಟ್ಟೆಲ್ಲ ಒಳಗಿನ ಬಾಲ್ಸ್ ಮೇಲೆ ಬಿದ್ದು, ಅವು ಕೂರುವ ಕಪ್ ಮೇಲೆ ಗುಳಿ ಬೀಳುತ್ತದೆ. ಹಾಗಲ್ಲ. ನಟ್ ಎರಡು ಸುತ್ತು ಸಡಿಲ ಮಾಡು, ತೆಗೆಯಬೇಡ. ಕ್ರ್ಯಾಂಕ್ ಕೆಳಗೆ ಒಂದು ದಪ್ಪ ಕಬ್ಬಿಣದ ಪೈಪ್ ತುಂಡನ್ನು ನೆಲದವರೆಗೆ ಆಸರೆ ಕೊಡು, ಪಿನ್ನಿನ ತಲೆ ಪೈಪಿನ ತೂತಿನೊಳಗೆ ಬರಬೇಕು. ಆಮೇಲೆ ಒಂದೇ ಪೆಟ್ಟು, ಗಟ್ಟಿಯಾಗಿ. ಹತ್ತು ಸಣ್ಣ ಪೆಟ್ಟಿಗಿಂತ ಒಂದು ಗಟ್ಟಿ ಪೆಟ್ಟು ಒಳ್ಳೆಯದು. ತಿರುಗಿ ಹಾಕುವಾಗ ಎರಡು ಪಿನ್ ಎದುರುಬದುರು ದಿಕ್ಕಿಗೆ ಬರಬೇಕು. ಇಲ್ಲದಿದ್ದರೆ ಎರಡು ಪೆಡಲ್ ಒಂದೇ ನೇರಕ್ಕೆ ನಿಲ್ಲುವುದಿಲ್ಲ, ತುಳಿಯುವವನಿಗೆ ಕುಂಟಿದ ಹಾಗೆ ಆಗುತ್ತದೆ.

ಎಡಗಡೆ ಪೆಡಲ್‌ಗೆ ಉಲ್ಟಾ ಥ್ರೆಡ್. ಅಚ್ಚಿನ ಬಲಗಡೆ ಕಪ್‌ಗೂ ಉಲ್ಟಾ ಥ್ರೆಡ್. ಇದು ಮರೆತು ಜೋರು ಮಾಡಿದವರು ಎಷ್ಟೋ ಕ್ರ್ಯಾಂಕ್ ಹಾಳು ಮಾಡಿದ್ದಾರೆ. ಹಿಂದಿನ ಹಬ್ಬಿಗೆ ಒಂದೊಂದು ಕಡೆ ಕಾಲು ಇಂಚಿನ ಒಂಬತ್ತು ಬಾಲ್ಸ್. ಹಳೇ ಬಾಲ್ಸ್ ಒರೆಸಿ ಮತ್ತೆ ಹಾಕಬೇಡ, ಹೊಸದು ಹಾಕು, ಅದರ ಬೆಲೆ ಒಂದು ಊಟದಷ್ಟೂ ಇಲ್ಲ.

ಡಬ್ಬಿಯ ಅಡಿಯಲ್ಲಿ ಸಣ್ಣ ತೂತು ಇದೆಯಾ ನೋಡು. ಇದ್ದರೆ ತಂತಿ ಹಾಕಿ ಮಣ್ಣು ತೆಗೆ. ಇಲ್ಲದಿದ್ದರೆ ಒಂದು ತೂತು ಕೊರೆದುಬಿಡು. ನಮ್ಮ ಮಳೆಗೆ ಅದು ಬೇಕೇ ಬೇಕು. ಸೀಟ್ ಪೈಪಿನ ಒಳಗೆ ಸ್ವಲ್ಪ ಎಣ್ಣೆ ಸುರಿದು ಫ್ರೇಮನ್ನು ಎಲ್ಲಾ ಕಡೆ ತಿರುಗಿಸಿ, ಒಂದು ರಾತ್ರಿ ತಲೆಕೆಳಗೆ ನಿಲ್ಲಿಸು.

ಕ್ರೋಮ್ ಮೇಲಿನ ತುಕ್ಕಿಗೆ ಹುಣಸೆಹುಳಿ ಗಟ್ಟಿ ಮಾಡಿ ಹಚ್ಚಿ ಅರ್ಧ ಗಂಟೆ ಬಿಡು. ಆಮೇಲೆ ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆ ಉಂಡೆ ಮಾಡಿ, ನೀರಲ್ಲಿ ಅದ್ದಿ ತಿಕ್ಕು. ಗೀರು ಬೀಳುವುದಿಲ್ಲ. ತೊಳೆದ ಕೂಡಲೇ ಬಿಸಿಲಿಗೆ ಇಡು, ಎಣ್ಣೆ ಬಟ್ಟೆಯಲ್ಲಿ ಒರೆಸು.

ಕೊಪ್ಪದ ವ್ಯಾಪಾರಿ

ಹಿರಿಯರ ಮಾತಿಗೆ ಎದುರು ಹೇಳುತ್ತಿದ್ದೇನೆ ಅಂತ ತಪ್ಪು ತಿಳಿಯಬೇಡಿ. ನಾನು ಪೇಂಟ್ ಹೊಡೆಸಿಯೇ ಮಾರುವುದು. ಗಿರಾಕಿ ಮೊದಲು ನೋಡುವುದು ಬಣ್ಣ. ಸ್ಪ್ರೇ, ಸ್ಟಿಕರ್ ಸೇರಿ 450 ಖರ್ಚು. ರೇಟು ಒಂದು ಸಾವಿರ ಜಾಸ್ತಿ ಸಿಗುತ್ತದೆ. ಮಗುವಿಗೆ ಹುಟ್ಟುಹಬ್ಬಕ್ಕೆ ಅಂತ ಕೊಳ್ಳುವವರಿಗೆ ಗೀರು ಬಿದ್ದ ಸೈಕಲ್ ತೋರಿಸಿದರೆ ತಿರುಗಿಯೂ ನೋಡುವುದಿಲ್ಲ. ಬಾಲ್ಸ್ ಹೊಸದಾ ಹಳೆಯದಾ ಅಂತ ಈವರೆಗೆ ನನ್ನನ್ನು ಯಾರೂ ಕೇಳಿಲ್ಲ.

ಕುಶಾವತಿ, ತೀರ್ಥಹಳ್ಳಿ

ಕೊಪ್ಪದ ಅಣ್ಣ, ನಿಮ್ಮ ಮಾತು ಓದಿ ಬರೆಯಲೇಬೇಕು ಅನ್ನಿಸಿತು. ನಾನು ಕೊಂಡವಳು.

ಹೋದ ವರ್ಷ ಮಗಳಿಗೆ ಸೆಕೆಂಡ್ ಹ್ಯಾಂಡ್ ಸೈಕಲ್ ತೆಗೆದೆವು. ಯಾರಿಂದ ಅಂತ ಹೇಳುವುದಿಲ್ಲ. ಗುಲಾಬಿ ಬಣ್ಣ, ಹೊಸದೇ ಅನ್ನಬೇಕು ಹಾಗಿತ್ತು. ಅವಳು ಖುಷಿಯಲ್ಲಿ ಎರಡು ದಿನ ಒಳಗೇ ಇಟ್ಟುಕೊಂಡಿದ್ದಳು. ಜುಲೈ ತಿಂಗಳು. ನಮ್ಮ ಮನೆಯಿಂದ ರಸ್ತೆಗೆ ಇಳಿಜಾರು. ಸಣ್ಣ ಮಳೆ ಹನಿಯುತ್ತಿತ್ತು. ಅವಳು ಎರಡೂ ಬ್ರೇಕ್ ಹಿಡಿದಿದ್ದಾಳೆ, ಸೈಕಲ್ ನಿಲ್ಲಲೇ ಇಲ್ಲ. ತಿರುವಿನಲ್ಲಿ ರಸ್ತೆ ಬದಿಯ ಮಣ್ಣಿನ ಧರೆಗೆ ಗುದ್ದಿ ಬಿದ್ದಳು. ಮೊಣಕೈ ಚರ್ಮ ಕಿತ್ತಿತು, ದೇವರ ದಯೆ, ಮೂಳೆ ಮುರಿಯಲಿಲ್ಲ. ಆ ಹೊತ್ತಿಗೆ ಎದುರು ಬಸ್ಸು ಬಂದಿದ್ದರೆ ಅಂತ ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ.

ಆಮೇಲೆ ನೋಡಿದರೆ ಬ್ರೇಕ್ ಕಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಉಗುರಿನಲ್ಲಿ ಒತ್ತಿದರೆ ಗುರುತೂ ಬೀಳಲಿಲ್ಲ. ರಿಮ್ಮಿಗೂ ಅದೇ ಬಣ್ಣ ಹೊಡೆದಿದ್ದರು. ಬಣ್ಣಕ್ಕೆ 450 ಹಾಕಿದವರು ಕಟ್ಟೆಗೆ 40 ರೂಪಾಯಿ ಹಾಕಬಾರದಿತ್ತಾ? ಗಿರಾಕಿ ಕೇಳುವುದಿಲ್ಲ ಅನ್ನುವುದು ನಿಜ. ನನಗೆ ಕೇಳಲು ಗೊತ್ತಿರಲಿಲ್ಲ. ಮಾರಿದವರಿಗೆ ಗೊತ್ತಿತ್ತಲ್ಲ.

ಹಳೇ ಪಾನಾ

ತಂಗೀ, ನಿನ್ನ ಮಾತು ನೂರಕ್ಕೆ ನೂರು ಸರಿ. ಇನ್ನೊಂದು ವಿಷಯವೂ ತಿಳಿದುಕೋ. ಸ್ಟೀಲ್ ರಿಮ್ ಒದ್ದೆಯಾದರೆ ಹೊಸ ಕಟ್ಟೆ ಇದ್ದರೂ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ನುಣುಪಾದ ಕ್ರೋಮ್ ಮೇಲೆ ನೀರಿನ ಪದರ ನಿಲ್ಲುತ್ತದೆ, ರಬ್ಬರ್ ಜಾರುತ್ತದೆ. ಒಣಗಿದಾಗ ನಿಲ್ಲುವ ಜಾಗಕ್ಕಿಂತ ಎಷ್ಟೋ ಮುಂದೆ ಹೋಗಿ ನಿಲ್ಲುತ್ತದೆ. ಅಲಾಯ್ (ಅಲ್ಯೂಮಿನಿಯಂ) ರಿಮ್ ಮಳೆಯಲ್ಲೂ ಇದಕ್ಕಿಂತ ಎಷ್ಟೋ ಮೇಲು. ಆಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ, ಅಲಾಯ್‌ಗೆ ಅಂಟುವುದಿಲ್ಲ.

ಇಳಿಜಾರಿನ ಮನೆ ಇದ್ದವರಿಗೆ ಅಲಾಯ್ ರಿಮ್ ಇರುವ ಸೈಕಲ್ಲೇ ಕೊಡಬೇಕು. ಅದು ಸಿಗುವವರೆಗೆ ಮಗಳಿಗೆ ಒಂದು ಅಭ್ಯಾಸ ಮಾಡಿಸು. ಇಳಿಜಾರು ಶುರುವಾಗುವ ಮೊದಲೇ ಬ್ರೇಕ್ ಮೆಲ್ಲಗೆ ಹಿಡಿದು ನಾಲ್ಕು ಸುತ್ತು ಹೋಗಬೇಕು. ರಿಮ್ಮಿನ ನೀರು ಒರೆಸಿ ಹೋಗುತ್ತದೆ. ಮಳೆ ಜೋರಿದ್ದರೆ ಇಳಿದು ತಳ್ಳಿಕೊಂಡು ಹೋಗಲಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಕೊಪ್ಪದ ವ್ಯಾಪಾರಿ

ಅಕ್ಕಾ, ಓದಿ ಬೇಜಾರಾಯಿತು. ಆ ಸೈಕಲ್ ನನ್ನದಲ್ಲ, ಆದರೆ ರಿಮ್ಮಿಗೆ ನಾನೂ ಸ್ಪ್ರೇ ಹೊಡೆಸಿದ್ದಿದೆ. ಇನ್ನು ಹೊಡೆಸುವುದಿಲ್ಲ. ಹೋದ ತಿಂಗಳು ಮಾರಿದ ಎರಡು ಸೈಕಲ್ಲಿನವರ ನಂಬರ್ ಇದೆ. ಫೋನ್ ಮಾಡಿ ಕರೆಸಿ ಕಟ್ಟೆ ಹಾಕಿಕೊಡುತ್ತೇನೆ.

ಶಂಕರಘಟ್ಟ ಹಾಸ್ಟೆಲ್

ನನ್ನದು ಸಣ್ಣ ಅನುಭವ. ವಿಶ್ವವಿದ್ಯಾಲಯದಲ್ಲಿ ಸೀನಿಯರ್ ಒಬ್ಬರು ಬಿಟ್ಟುಹೋದ ಸೈಕಲ್ 600ಕ್ಕೆ ತೆಗೆದುಕೊಂಡೆ. 26 ಅಂತ ಬರೆದಿತ್ತು, ಪೇಟೆಗೆ ಹೋಗಿ 26 ಇಂಚಿನ ಟಯರ್ ತಂದೆ. ಕೂರಲೇ ಇಲ್ಲ. ಎರಡು ಸಲ ಬಸ್ ಚಾರ್ಜು ಕೊಟ್ಟು ಅಲೆದೆ. ಯಾಕೆ ಹೀಗೆ?

ತುಂಗಾದಡ, ಶಿವಮೊಗ್ಗ

ನಾನೂ ಇದರಲ್ಲಿ ಒಂದು ಜೊತೆ ಟಯರ್ ದುಡ್ಡು ಕಳೆದಿದ್ದೇನೆ. 26 ಅಂದರೆ ಒಂದೇ ಅಳತೆ ಅಲ್ಲ. ಮಾಮೂಲಿ ಲೇಡೀಸ್ ಸೈಕಲ್ಲಿನ 26 × 1 3/8 ಟಯರಿಗೆ ರಿಮ್ ಕೂರುವ ಅಳತೆ 590 ಮಿಲಿಮೀಟರ್. ದಪ್ಪ ಟಯರಿನ ಗೇರ್ ಸೈಕಲ್ಲಿನ 26 × 1.95ಕ್ಕೆ 559. ಎರಡಕ್ಕೂ 31 ಮಿಲಿಮೀಟರ್ ವ್ಯತ್ಯಾಸ. ಹಳೇ ಟಯರಿನ ಪಕ್ಕದಲ್ಲಿ 37-590 ಅಂತಲೋ 50-559 ಅಂತಲೋ ಅಚ್ಚಾಗಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ದೊಡ್ಡ ಕಪ್ಪು ಸೈಕಲ್ಲಿನದು 28 × 1 1/2, ಅದು 635.

ಚೈನಿಗೂ ಸ್ಕೂಲ್ ಸ್ಕೇಲ್ ಸಾಕು, ಇಂಚಿನದು. ಒಂದು ಪಿನ್ನಿನ ಮಧ್ಯದಲ್ಲಿ ಸೊನ್ನೆ ಇಡಿ. 24 ಕೊಂಡಿ ಎಣಿಸಿದರೆ ಸರಿಯಾಗಿ 12 ಇಂಚಿಗೆ ಪಿನ್ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಚಕ್ರದ ಫ್ರೀವೀಲ್ ಹಲ್ಲೂ ಸವೆದಿರುತ್ತದೆ, ಆ ಖರ್ಚನ್ನೂ ಸೇರಿಸಿಯೇ ರೇಟು ಕೇಳಿ.

ವಿನೋಬನಗರ 2ನೇ ಹಂತ

ಕದ್ದ ಮಾಲಿನ ಬಗ್ಗೆ ಯಾರೂ ಹೇಳಲಿಲ್ಲ. ತುಂಬ ಕಡಿಮೆಗೆ ಬಂದರೆ ನಿಲ್ಲಿ. ಡಬ್ಬಿಯ ಅಡಿಯಲ್ಲೋ ಸೀಟ್ ಪೈಪಿನ ಬುಡದಲ್ಲೋ ಫ್ರೇಮ್ ನಂಬರ್ ಕೆತ್ತಿರುತ್ತದೆ. ಅದನ್ನು ಉಜ್ಜಿ ಅಳಿಸಿದ್ದರೆ ಮುಟ್ಟಲೇಬೇಡಿ. ಕದ್ದದ್ದು ಅಂತ ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು. ಕೊಂಡಾಗ ಒಂದು ಹಾಳೆಯಲ್ಲಿ ದಿನಾಂಕ, ನಂಬರ್, ರೇಟು ಬರೆದು ಮಾರುವವರ ಸಹಿ ಹಾಕಿಸಿಕೊಳ್ಳಿ. ನೀವು ಮಾರುವಾಗಲೂ ಅದರ ಒಂದು ಪ್ರತಿ ಕೊಡಿ. ಕೊಳ್ಳುವವರಿಗೂ ಧೈರ್ಯ.

ಸಾಗರ ಸವಾರ

ಅಣ್ಣಾ, ಒಟ್ಟು ಎಷ್ಟು ಉಳಿದಿದೆ ಅಂತ ಹೇಳಲಿಲ್ಲ. ನಾನು ಕೆಲಸ ಬಿಟ್ಟು ಇದಕ್ಕೇ ಇಳಿಯೋಣ ಅಂತಿದ್ದೇನೆ.

ತುಂಗಾದಡ, ಶಿವಮೊಗ್ಗ

ತಮ್ಮಾ, ದಯವಿಟ್ಟು ಬಿಡಬೇಡ. 41 ಸೈಕಲ್ಲಿಂದ ಉಳಿದಿದ್ದು 29 ಸಾವಿರದ ಹತ್ತಿರ. ಒಂದಕ್ಕೆ ಸರಾಸರಿ 700. ಪಾನಾ, ಫ್ರೀವೀಲ್ ಬಿಚ್ಚುವ ಟೂಲು, ಪಂಪು ಅಂತ 6,500 ಹಾಕಿದ್ದು ಬೇರೆ. ಒಂದು ಸೈಕಲ್ಲಿಗೆ ಆರು ಗಂಟೆ ಹಿಡಿಯುತ್ತದೆ, ಅದನ್ನು ಹುಡುಕಿಕೊಂಡು ಹೋದ ಓಡಾಟ ಲೆಕ್ಕಕ್ಕಿಲ್ಲ. ಗಂಟೆಗೆ 115 ರೂಪಾಯಿ ಬಿದ್ದ ಹಾಗಾಯಿತು. ಸಂಜೆ ಕೆಲಸಕ್ಕೆ ನನಗಿದು ಸಾಕು. ಸಂಸಾರ ನಡೆಸಲು ಸಾಲದು.

ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿ.ಎಸ್.ಟಿ. 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಹೊಸದರ ರೇಟು ಇಳಿದರೆ ಹಳೆಯದರ ರೇಟೂ ಇಳಿಯಲೇಬೇಕು. ಹೊಸ ಮಾಮೂಲಿ ಸೈಕಲ್ಲಿನ ಅರ್ಧಕ್ಕಿಂತ ಜಾಸ್ತಿ ಹೇಳಿದರೆ ನನಗಂತೂ ಗಿರಾಕಿ ನಿಂತಿಲ್ಲ.

ಮಾಡುವುದಾದರೆ ಕಾಲ ನೋಡಿ ಮಾಡು. ಮಳೆಗಾಲದಲ್ಲಿ ಕೊಳ್ಳುವವರಿಲ್ಲ, ಕೊಡುವವರು ಇರುತ್ತಾರೆ. ಆಗ ತಂದು ಒಳಗೆ ಕೂತು ಬಿಚ್ಚು. ದಸರಾ ಕಳೆದ ಮೇಲೆ ಮಾರು. ಮೇ ಕೊನೆಗೆ, ಸ್ಕೂಲ್ ಬಾಗಿಲು ತೆಗೆಯುವ ಮುಂಚೆ, ಮಕ್ಕಳ ಸೈಕಲ್ ಎಷ್ಟಿದ್ದರೂ ಹೋಗುತ್ತದೆ.

ಭದ್ರಾ ಕಾಲೋನಿ

ಹರ್ಕ್ಯುಲಿಸ್ ಭದ್ರಾವತಿಯದು ಅಂದಿರಲ್ಲ, ಅದಕ್ಕೆ ಬರೆದೆ. ನಮ್ಮೂರಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಗಿದ್ದು. ನಾನು ಚಿಕ್ಕವನಿದ್ದಾಗ ಶಿಫ್ಟ್ ಬಿಟ್ಟರೆ ಗೇಟಿನಿಂದ ಸೈಕಲ್ ಸಾಲು ಹೊಳೆ ಹರಿದ ಹಾಗೆ ಬರುತ್ತಿತ್ತು. ಕ್ಯಾರಿಯರ್‌ನಲ್ಲಿ ಟಿಫಿನ್ ಡಬ್ಬಿ ಸದ್ದು. ರಸ್ತೆ ದಾಟಲು ಅಮ್ಮ ಕೈ ಹಿಡಿದು ಕಾಯುತ್ತಿದ್ದಳು. ಅವರೆಲ್ಲ ಕಬ್ಬಿಣದ ಕೆಲಸದವರು, ಸೈಕಲ್ಲನ್ನು ಚೆನ್ನಾಗಿ ಇಟ್ಟುಕೊಂಡವರು. ಆ ಸೈಕಲ್ಲಿಗೆ ಪಾರ್ಟ್ಸ್ ಸಿಗುವುದಿಲ್ಲ ಅಂತ ಹೆದರಬೇಡಿ. ಅಟ್ಲಾಸ್‌ನ ಸಾಹಿಬಾಬಾದ್ ಫ್ಯಾಕ್ಟರಿ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ ನಿಂತಿತು. ಆದರೂ ನಮ್ಮ ಅಪ್ಪನ ಅಟ್ಲಾಸ್‌ಗೆ ಇವತ್ತಿಗೂ ಟಯರ್, ಚೈನ್, ಬಾಲ್ಸ್ ಸಿಗುತ್ತಿದೆ. ಈ ದೊಡ್ಡ ಸೈಕಲ್‌ಗಳ ಅಳತೆ ಹೆಚ್ಚುಕಮ್ಮಿ ಒಂದೇ.

ತುಂಗಾದಡ, ಶಿವಮೊಗ್ಗ

ಮೂರು ವಾರ ಆಯಿತು, ಹರ್ಕ್ಯುಲಿಸ್ ಕಥೆ ಹೇಳುತ್ತೇನೆ.

ಪಾನಾ ಸರ್ ಹೇಳಿದ ಹಾಗೆ ಪೂರ್ತಿ ಬಿಚ್ಚಿದೆ. ಚೈನ್ ಕವರ್ ತೆಗೆದು ಒಳಭಾಗದ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಬಿಳಿ ಬಣ್ಣದ ಅಕ್ಷರ ಕಾಣಿಸಿತು. ಒಂದರ ಕೆಳಗೆ ಒಂದು ತಾರೀಖು. ಸಣ್ಣ ಬ್ರಷ್ಷಿನಲ್ಲಿ, ಒಂದೇ ಕೈಬರಹ. ಕೆಲವದರ ಮುಂದೆ 'ಬಾಲ್ಸ್', ಕೆಲವದರ ಮುಂದೆ 'ಚೈನ್', ಒಂದು ಕಡೆ 'ಹಿಂದಿನ ಅಚ್ಚು'. ಎಣಿಸಿದರೆ ಇಪ್ಪತ್ತಮೂರು ಸಾಲು. ಹೆಚ್ಚಿನವು ಮೇ ತಿಂಗಳದ್ದು. ಮಳೆಗೆ ಮುಂಚೆ ಪ್ರತಿ ವರ್ಷ ಬಿಚ್ಚಿ ಗ್ರೀಸ್ ತುಂಬಿದ್ದಾರೆ. ಹಿರಿಯರಿಗೆ ಫೋನ್ ಮಾಡಿದೆ. ಹೌದು, ನಾನೇ ಬರೆಯುತ್ತಿದ್ದೆ, ಇಲ್ಲದಿದ್ದರೆ ಮರೆತುಹೋಗುತ್ತದಲ್ಲ ಅಂದರು, ಅಷ್ಟೇ. ಸೀಟ್ ಪೈಪ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಕಪ್ ಮೇಲೆ ಒಂದು ಗುಳಿಯೂ ಇರಲಿಲ್ಲ.

ಪೇಂಟ್ ಮುಟ್ಟಲಿಲ್ಲ. ಟಯರ್, ಟ್ಯೂಬ್, ಬಾಲ್ಸ್, ಕಾಟರ್ ಪಿನ್, ಬ್ರೇಕ್ ಕಟ್ಟೆ, ಚೈನ್, ಎಲ್ಲ ಸೇರಿ 1,350 ಆಯಿತು. ಹೊಳೆಹೊನ್ನೂರು ಕಡೆಯ ಒಬ್ಬರು ಗದ್ದೆ ಓಡಾಟಕ್ಕೆ ಅಂತ ಬಂದರು. ಪೂರ್ತಿ ಬಯಲು, ಸ್ಟೀಲ್ ರಿಮ್ ನಡೆಯುತ್ತದೆ. ಆದರೂ ಒದ್ದೆಯಲ್ಲಿ ಬ್ರೇಕ್ ಹೇಗೆ ಅಂತ ಒಂದು ಬಕೆಟ್ ನೀರು ಹೊಯ್ದು, ಅವರ ಕೈಲೇ ಹಿಡಿಸಿ ತೋರಿಸಿದೆ. ಚೈನ್ ಕವರ್ ಬಿಚ್ಚಿ ಆ ತಾರೀಖುಗಳನ್ನೂ ತೋರಿಸಿದೆ. ಅವರು ಕೂತು ಒಂದೊಂದೇ ಓದಿದರು. ನಾನು 4,200 ಅಂದುಕೊಂಡಿದ್ದೆ. ಅವರೇ 4,600 ಕೊಟ್ಟರು. 1,750 ಉಳಿಯಿತು, ನನಗೆ ಈವರೆಗಿನ ದೊಡ್ಡ ಲಾಭ.

ಕೊಡುವ ಮುಂಚೆ ಕೊನೇ ಸಾಲಿನ ಕೆಳಗೆ ಇವತ್ತಿನ ತಾರೀಖು, 'ಬಾಲ್ಸ್, ಚೈನ್, ಕಟ್ಟೆ' ಅಂತ ನಾನೂ ಬರೆದೆ.

ಕುಶಾವತಿ ಅಕ್ಕಾ, ನನ್ನ ಹತ್ತಿರ ಅಲಾಯ್ ರಿಮ್ಮಿನ ಒಂದು 26 ಇಂಚಿನ ಸೈಕಲ್ ಇದೆ. ಬಣ್ಣ ನೀಲಿ, ಅಲ್ಲಲ್ಲಿ ಗೀರು ಇದೆ. ಹಳೆಯದನ್ನು ತಂದುಕೊಡಿ, ಅದರ ಚಕ್ರ ಬಿಟ್ಟು ಉಳಿದದ್ದು ನನಗೆ ಉಪಯೋಗಕ್ಕೆ ಬರುತ್ತದೆ. ಮೇಲೆ 900 ಕೊಟ್ಟರೆ ಸಾಕು.

ಕುಶಾವತಿ, ತೀರ್ಥಹಳ್ಳಿ

ಭಾನುವಾರ ಮಗಳನ್ನೂ ಕರೆದುಕೊಂಡು ಬರುತ್ತೇನೆ. ಬಕೆಟ್ ನೀರು ಹಾಕಿ ಅವಳ ಕೈಲೂ ಬ್ರೇಕ್ ಹಿಡಿಸಿ.